ತೆರೆದ ನಳಿಕೆಯ ಮುಂದೆ

ಬಾಗಿಲು ಬಡಿದ ಸದ್ದು. ಮತ್ತೊಮ್ಮೆ. ಮೂರನೆಯ ಏಟಿಗೆ ಚಿಲಕವೇ ಅಲುಗಿತು.

ತೆರೆದರೆ ಅಕ್ಕ. ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ.

“ನಿನ್ನ ಲ್ಯಾಬಿನ ರಿಪೋರ್ಟ್ ನಿಜಾನಾ?”

ಭಾವನ ಕೆಮ್ಮು ಬಹಳ ದಿನಗಳಿಂದ ನಿಂತಿರಲಿಲ್ಲ. ಎಕ್ಸ್‌ರೇಯಲ್ಲಿ ಸಣ್ಣದೊಂದು ಚುಕ್ಕೆ ಕಂಡಿತ್ತು. ಕಾದು ನೋಡೋಣವೆಂದಿದ್ದ ಡಾಕ್ಟರರ ಮನಸ್ಸು ಬದಲಿಸಿದ್ದು ನಾನು ಮುಖ್ಯಸ್ಥನಾಗಿರುವ ಪ್ರಯೋಗಾಲಯ. ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಚೆಲ್ಲುವ ಪ್ರೋಟೀನೊಂದು ಭಾವನಲ್ಲಿ ಮಿತಿಯ ಹಲವು ಪಟ್ಟು ಇದೆಯೆಂದು ನಾವು ವರದಿ ಕೊಟ್ಟಿದ್ದೆವು. ಬೆಳಗಾದರೆ ಎದೆಗೆ ಸೂಜಿ ಇಳಿಸಿ ಪರೀಕ್ಷೆಗೆ ತುಣುಕು ತೆಗೆಯುವುದಿತ್ತು. ಭಾವನ ಶ್ವಾಸಕೋಶ ಮೊದಲೇ ದುರ್ಬಲ. ಸೂಜಿಯಿಂದ ಅದು ಕುಸಿಯಲೂಬಹುದೆಂದು ಅಕ್ಕನಿಂದ ಸಹಿ ಹಾಕಿಸಿಕೊಂಡಿದ್ದರು.

ನಾನು ಗಂಟಲು ಸರಿಪಡಿಸಿಕೊಂಡೆ. “ನೋಡಕ್ಕಾ, ಈ ಪರೀಕ್ಷೆಯ ಸೂಕ್ಷ್ಮತೆ ಎಂಥದ್ದು ಅಂದ್ರೆ...”

“ಭಾಷಣ ಬೇಡ. ತಪ್ಪಾಗಿರಬಹುದಾ?”

“ನನ್ನ ಲ್ಯಾಬಿನಲ್ಲಾ?”

ಆ ಎರಡು ಪದಗಳಲ್ಲಿ ನಾನು ತುಂಬಿದ ಗಾಂಭೀರ್ಯವನ್ನು ಈಗ ನೆನೆದರೆ ಮೈಯೆಲ್ಲ ಬೆವರುತ್ತದೆ. ಅಕ್ಕ ಮಾತ್ರ ಜಗ್ಗಲಿಲ್ಲ. ನಸುಕಿನಲ್ಲೇ ನನ್ನನ್ನು ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋದಳು.

ಭಾವನ ರಕ್ತದ ಇನ್ನೊಂದು ನಳಿಕೆ ಮುಚ್ಚಳ ಬಿಚ್ಚದೆ ಫ್ರಿಜ್ಜಿನಲ್ಲಿತ್ತು. ಯಂತ್ರಕ್ಕೆ ಕೊಟ್ಟೆ. ಅಂಕಿ ಬಂದಾಗ ಕನ್ನಡಕ ಒರೆಸಿ ಮತ್ತೆ ಓದಿದೆ. ಪ್ರೋಟೀನು ಮಿತಿಯೊಳಗೇ ಇತ್ತು! ಮತ್ತೊಮ್ಮೆ ಓಡಿಸಿದೆ, ಅದೇ ಫಲ.

ಡಾಕ್ಟರರಿಗೆ ಫೋನು ಮಾಡಿದೆ. “ಚುಕ್ಕೆ ಇದ್ದೇ ಇದೆ, ಸ್ಕ್ಯಾನ್ ಮಾಡಿ ನಿಗಾ ಇಡೋಣ. ಸೂಜಿ ಸದ್ಯಕ್ಕೆ ಬೇಡ,” ಎಂದರು. ಅಕ್ಕ ಸ್ಟೂಲಿನ ಮೇಲೆ ಕುಸಿದು ಅತ್ತಳು. ಅತ್ತು ಮುಗಿಸಿ ಸೆರಗು ಬಿಗಿದಳು.

“ಮೊದಲ ನಳಿಕೆ ಹಾಳು ಮಾಡಿದೋರು ಯಾರು? ನನಗೆ ಹೆಸರು ಬೇಕು.”

ನನ್ನೊಳಗಿನ ಪತ್ತೇದಾರ ಮೀಸೆ ತಿರುವಿದ. ಆಗಷ್ಟೇ ಬಂದ ಟೆಕ್ನೀಷಿಯನ್ ಹುಡುಗಿಯನ್ನು ಗದರಿದೆ. “ಮುಖಗವಸು ಹಾಕಿದ್ಯೇನಮ್ಮಾ?”

“ಹಾಕಿದ್ದೆ ಸರ್. ಆ ಪ್ರೋಟೀನು ಎಂಜಲಲ್ಲಿ ಹೇರಳವಾಗಿರುತ್ತೆ, ಹನಿ ಸಿಡಿದ್ರೂ ಅಂಕಿ ಏರುತ್ತೆ ಅಂತ ನೀವೇ ಪಾಠ ಮಾಡಿದ್ರಲ್ಲ.”

“ಹಾಗಾದ್ರೆ ಯಾರೋ ಬಾಯಿಬಡುಕ ನಳಿಕೆ ಮೇಲೆ ಮಾತಾಡಿದ್ದಾನೆ. ಅವನನ್ನು ಇವತ್ತೇ ಕೆಲಸದಿಂದ ತೆಗೀತೀನಿ!”

ಘೋಷಿಸಿ, ಒಳಕೋಣೆಗೆ ಹೋಗಿ ಕ್ಯಾಮೆರಾದ ದೃಶ್ಯವನ್ನು ಮೊದಲ ಪರೀಕ್ಷೆಯ ದಿನಕ್ಕೆ ಹಿಂದೆ ಓಡಿಸಿದೆ. ಮುಚ್ಚಳ ತೆರೆದ ನಳಿಕೆ. ಸುತ್ತ ಅಂದು ಲ್ಯಾಬು ನೋಡಲು ಬಂದಿದ್ದ ಅತಿಥಿಗಳು. ನಡುವೆ ಒಬ್ಬ, ಮುಖಗವಸನ್ನು ಗದ್ದಕ್ಕಿಳಿಸಿ, ನಳಿಕೆಯ ಮೇಲೆ ಬಾಗಿ, ಕೈ ಬೀಸುತ್ತ ಈ ಪರೀಕ್ಷೆಯ ನಿಖರತೆಯನ್ನು ಕೊಂಡಾಡುತ್ತಿದ್ದ. ಅತಿಥಿಗಳು ಆಕಳಿಸಿದರೂ ಅವನು ನಿಲ್ಲಿಸಲಿಲ್ಲ.

ಅಕ್ಕ ಬಾಗಿಲಿಗೆ ಬಂದಳು. “ಸಿಕ್ಕಿದನಾ? ಯಾರವನು?”

ಪರದೆ ಆರಿಸಿದೆ.

“ನಿನ್ನ ತಮ್ಮ.”