ಕೈಯಲ್ಲಿ ಬಳಿದ ಅಂಗಳ

ನಾಯಿ ನೋಡಿಕೊಳ್ಳುವ ಪುರುಸೊತ್ತು ಹನಗೋಡಿನ ಪ್ರಮೀಳಾಗೆ ಖಂಡಿತ ಇರಲಿಲ್ಲ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದಗೊಳಿಸುವ ಬ್ಯಾರನ್ನಿನ ಒಲೆಯನ್ನು ರಾತ್ರಿಯೆಲ್ಲ ಕಾದೂ ಕಾದೂ ಗಂಡ ಹೆಂಡತಿ ಇಬ್ಬರ ಕಣ್ಣೂ ಕೆಂಡವಾಗಿದ್ದವು. ಆದರೂ ಹುಣಸೂರಿನಲ್ಲಿ ಬೀದಿನಾಯಿಗಳ ಆಶ್ರಯಧಾಮದಲ್ಲಿ ಕೆಲಸ ಮಾಡುವ ತಂಗಿ ಸೌಂದರ್ಯ, ಒಂದು ನಾಯಿಯನ್ನು ಕೆಲವು ದಿನ ಇಟ್ಟುಕೊಳ್ಳೆಂದು ಗೋಗರೆದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಯಾರೋ ಬಡಿದು ಬೀದಿಗೆ ಬಿಟ್ಟಿದ್ದ ಹೆಣ್ಣುನಾಯಿ, ಹೆಸರು ಕೆಂಪಿ. ಮನುಷ್ಯರನ್ನು ಕಂಡರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಭೇರ್ಯದ ಕಾಂತರಾಜ್ ಎಂಬವರು ಸಾಕಲು ಒಪ್ಪಿದ್ದರು. ಆದರೆ ಮುಟ್ಟಿಸಿಕೊಳ್ಳದ ನಾಯಿಯನ್ನು ಮಕ್ಕಳಿರುವ ಮನೆಗೆ ಒಯ್ಯುವುದು ಹೇಗೆ? ಅವರು ಬರುವಷ್ಟರಲ್ಲಿ ಹೆದರಿಕೆ ಬಿಡಿಸಬೇಕು, ಇಲ್ಲದಿದ್ದರೆ ಮತ್ತೆ ಆಶ್ರಯಧಾಮದ ಬೋನೇ ಗತಿ.

ಬಂದ ದಿನವೇ ಕೆಂಪಿ ಸೌದೆ ರಾಶಿಯ ಸಂದಿಗೆ ನುಗ್ಗಿತು. ತಟ್ಟೆ ಇಟ್ಟು ಮರೆಯಾದರೆ ಮಾತ್ರ ತಿನ್ನುತ್ತಿತ್ತು. ದಿನ ಕಳೆದಂತೆ ಪ್ರಮೀಳಾ ಎದುರಿಗಿದ್ದಾಗಲೂ ಮೂತಿ ಈಚೆ ಬರತೊಡಗಿತು. ಅಷ್ಟರಲ್ಲಿ ಅತ್ತೆ ರುಕ್ಮಿಣಮ್ಮನ ಕರುಣೆ ಉಕ್ಕಿತು.

"ಪಾಪ, ಯಾರ ಕಣ್ ಬಿದ್ದದೋ ಕಣವ್ವ, ದಿಷ್ಟಿ ತೆಗೀತೀನಿ," ಎಂದವರೇ ಕಡ್ಡಿಪೊರಕೆ ಹಿಡಿದು ನಾಯಿಯ ಮುಂದೆ ನೀವಾಳಿಸಲು ಎತ್ತಿದರು. ಪೊರಕೆ ಮೇಲೆದ್ದದ್ದೇ ತಡ, ಕೆಂಪಿ ಕಿರುಚಿಕೊಂಡು ಸೌದೆಯ ತಳ ಸೇರಿತು. ಆಮೇಲೆ ಅನ್ನಕ್ಕೂ ಬರಲಿಲ್ಲ.

ಪ್ರಮೀಳಾಗೆ ರೇಗಿಹೋಯಿತು. "ಅದು ಪೊರಕೇಲೇ ಏಟು ತಿಂದಿರ್ಬೇಕು ಕಣತ್ತೆ! ನಾನು ನಿದ್ದೆಗೆಟ್ಟು ಮಾಡಿದ್ದೆಲ್ಲ ಮಣ್ಣುಪಾಲಾಯ್ತು."

ಮದುವೆಯಾಗಿ ಬಂದಾಗಿನಿಂದ ಅಂಗಳ ಗುಡಿಸದೆ ಕಾಫಿ ಕುಡಿದವರಲ್ಲ ರುಕ್ಮಿಣಮ್ಮ. ಮಾರನೆಯ ಬೆಳಗ್ಗೆ ಪೊರಕೆಯನ್ನು ಅಟ್ಟಕ್ಕೆಸೆದು, ಕುಕ್ಕರುಗಾಲಲ್ಲಿ ಕೂತು, ಉದುರಿದ ಸೊಪ್ಪಿನ ಚೂರನ್ನೆಲ್ಲ ಕೈಯಲ್ಲೇ ಬಳಿಯತೊಡಗಿದರು. ಮಂಡಿ ನೋವಿಗೆ ನರಳುತ್ತ, ನಾಯಿಯನ್ನೂ ಸೊಸೆಯನ್ನೂ ಒಟ್ಟಿಗೆ ಬೈಯುತ್ತ ದಿನವೂ ಅದೇ ಕೆಲಸ. ನಿಂತ ಮನುಷ್ಯರಿಗೆ ಹೆದರುವ ಕೆಂಪಿಗೆ ನೆಲದಲ್ಲಿ ತೆವಳುವ ಈ ಮುದುಕಿ ಯಾರೆಂದು ಕುತೂಹಲ ಹುಟ್ಟಿರಬೇಕು. ಒಂದು ಬೆಳಗ್ಗೆ ಹಿಂದಿನಿಂದ ಬಂದು ಅವರ ಮೊಣಕೈ ಮೂಸಿತು. ಬಾಗಿಲಲ್ಲಿದ್ದ ಪ್ರಮೀಳಾ ಉಸಿರು ಬಿಗಿಹಿಡಿದು, ತಾನೂ ಮೆಲ್ಲಗೆ ನೆಲಕ್ಕೆ ಕೂತಳು.

ಭಾನುವಾರ ಸೌಂದರ್ಯಳ ಜೊತೆ ಕಾಂತರಾಜ್ ಬಂದರು.

"ಕುಂತ್ಕಳಿ ಸ್ವಾಮಿ. ನಿಂತ್ಕಂಡ್ರೆ ಬರಾಕಿಲ್ಲ," ಎಂದರು ರುಕ್ಮಿಣಮ್ಮ.

ಕಾಂತರಾಜ್ ಪ್ಯಾಂಟಿನ ಧೂಳು ಲೆಕ್ಕಿಸದೆ ಸಂಜೆಯವರೆಗೂ ಅಂಗಳದಲ್ಲೇ ಕೂತರು. ಕೆಂಪಿ ನಡುಗಿತು, ಆದರೆ ಓಡಲಿಲ್ಲ. ಕೊನೆಗೆ ಅವರ ಕೈ ಮೂಸಿ, ತಲೆ ಮುಟ್ಟಿಸಿಕೊಂಡು, ಹಿಂದೆಯೇ ಹೋಗಿ ವ್ಯಾನು ಹತ್ತಿತು.

"ತಿರುಗೀನೂ ನೋಡ್ಲಿಲ್ಲ ಕಣವ್ವ," ಎಂದರು ಅತ್ತೆ, ಜಗಲಿಯಲ್ಲಿ ಕೂತು ಸೆರಗಿನಿಂದ ಮೂಗೊರೆಸಿಕೊಳ್ಳುತ್ತ.

"ಎದ್ರಿಕೆ ಇಲ್ದೆ ಓಯ್ತಲ್ಲ ಅತ್ತೆ. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

ಒಲೆಗೆ ಸೌದೆ ಒಟ್ಟುವ ಹೊತ್ತಾಗಿತ್ತು. ಆದರೂ ಪ್ರಮೀಳಾ ಅತ್ತೆಯ ಪಕ್ಕದಲ್ಲಿ ಕೂತು ಅತ್ತುಬಿಟ್ಟಳು.