ಬ್ರೆಡ್ಡಿಗೆ ಗೀರು, ಗೋಡೆಗೆ ದಾರಿ

ಬ್ರೆಡ್ಡಿನ ತಟ್ಟೆಗಳಿಗೆ ಎಣ್ಣೆ ಸವರುತ್ತಾ ಕೂತಿದ್ದೆ. ಮಂಡಿ ನೋವಿನವಳಿಗೆ ನಮ್ಮ ಬೇಕರಿಯಲ್ಲಿ ಉಳಿದಿರುವುದು ಅದೊಂದೇ ಕೆಲಸ. ಹಿತ್ತಲಿನಿಂದ ಮೇಸ್ತ್ರಿಯ ದನಿ ಕೇಳಿಸಿತು.

“ಯಜಮಾನ್ರೇ, ಮೂರು ಗೋಡೆ ಎದ್ದು ನಿಂತ್ವು. ನಾಲ್ಕನೇದೂ ಇಷ್ಟೇ ದಪ್ಪ ಇರ್ಲಾ?”

“ಇರ್ಲಿ ಅಲ್ಲ, ಇರಲೇಬೇಕು,” ಎಂದ ನನ್ನ ಮಗ. “ಮೇಲೆ ಕಾಂಕ್ರೀಟು, ಮುಂದೆ ಕಬ್ಬಿಣದ ಬಾಗಿಲು. ಇರುವೆ ಕೂಡ ನನ್ನ ಕೇಳಿಯೇ ಒಳಗೆ ಹೋಗ್ಬೇಕು.”

ಅದು ಗ್ಯಾಸ್ ಸಿಲಿಂಡರ್ ಇಡುವ ಕೋಣೆ. ಮೊದಲು ಅಲ್ಲಿ ಬರೀ ತಗಡಿನ ಚಪ್ಪರವಿತ್ತು. ಯಾರೋ ಒಂದು ಸಿಲಿಂಡರ್ ಹೊತ್ತುಕೊಂಡು ಹೋದರು. ಅದಾಗಿ ಸ್ವಲ್ಪ ದಿನಕ್ಕೆ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಗ್ಯಾಸ್ ಸಿಡಿಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆದರೆ ಎದುರು ಮನೆಯ ಕಿಟಕಿ ಗಾಜು ಚೂರಾಗಿ ಹಾರಿ, ಅಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಗಸಿನ ಮುಖಕ್ಕೆ ಹೊಲಿಗೆ ಬಿತ್ತು.

ಅವತ್ತಿನಿಂದ ಮಗನಿಗೆ ಸರಿಯಾಗಿ ನಿದ್ದೆಯಿಲ್ಲ. ಕಾರಣ ನಾನೇ. ನಾನು ಮಲಗುವ ಕೋಣೆಗೂ ಸಿಲಿಂಡರುಗಳಿಗೂ ನಡುವೆ ಇರುವುದು ಒಂದೇ ಗೋಡೆ. “ಅಮ್ಮನ ಕೈಲಿ ಓಡೋಕಾಗಲ್ಲ. ಗೋಡೆನೇ ಅವಳನ್ನ ಕಾಯ್ಬೇಕು,” ಎಂದು ಹೆಂಡತಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು.

ಸೊಸೆ ಆಗಲೇ ಅಗ್ನಿಶಾಮಕ ಠಾಣೆಗೆ ಒಂದು ಕಾಗದ ಬರೆದಿದ್ದಳು: ನಮ್ಮ ಜಾಗ ಬಂದು ನೋಡಿ, ಹೇಗೆ ಕಟ್ಟಬೇಕು ಹೇಳಿ, ಎಂದು. ಮಗ ಅದನ್ನು ಜರಡಿಗಳ ಹಿಂದೆ ಸಿಕ್ಕಿಸಿಟ್ಟ. “ಅವರು ಬಂದ್ರೆ ಬೇಕರಿಗೆ ಬೀಗ ಜಡೀತಾರೆ ಕಣೇ. ಆಮೇಲೆ ನೋಡೋಣ.” ಆ ‘ಆಮೇಲೆ’ ಬರಲೇ ಇಲ್ಲ. ಕಾಗದಕ್ಕೆ ಹಿಟ್ಟು ಹತ್ತಿತು, ಅಷ್ಟೇ.

ಮೇಸ್ತ್ರಿ ನಾಲ್ಕನೇ ಗೋಡೆಯ ಮಾತೆತ್ತಿದ ದಿನವೇ ಮಧ್ಯಾಹ್ನ ಸೊಸೆಯ ತಂಗಿ ಬಂದಳು. ಅವಳು ಕಟ್ಟಡಗಳ ಇಂಜಿನಿಯರು. ಕಾರ್ಖಾನೆಗಳಲ್ಲಿ ಏನಾದರೂ ಸಿಡಿದರೆ ಜನ ಹೇಗೆ ಉಳಿಯಬೇಕು ಎಂದು ಯೋಚಿಸಿ ನಕ್ಷೆ ಬರೆಯುವುದೇ ಅವಳ ಕೆಲಸ. ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಇಣುಕಿದಳು.

“ಭಾವ, ಇದೇನು ಕಟ್ತಿದೀರಾ?”

“ಕೋಟೆ! ಬೇಕಾದ್ರೆ ಒಂದು ತೋಪೂ ಇಡ್ತೀನಿ, ನಾದಿನಿ ಬಂದಾಗ ಹಾರಿಸೋಕೆ.”

ಅವಳು ನಗಲಿಲ್ಲ. “ಗಾಳಿ ಆಡೋಕೆ ಕಿಂಡಿ ಎಲ್ಲಿ?”

“ಕಿಂಡಿ ಯಾಕಮ್ಮ? ಕಳ್ಳನಿಗೆ ಕೈ ತೂರಿಸೋಕಾ?”

“ಭಾವ, ಈ ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದಲ್ಲಿ ನಿಲ್ಲುತ್ತೆ. ನೀವು ಅದಕ್ಕೆ ತೊಟ್ಟಿ ಕಟ್ಟಿ ಮುಚ್ಚಳ ಹಾಕ್ತಿದೀರಾ. ಯಾರೋ ಒಂದು ಸ್ವಿಚ್ ಒತ್ತಿದ್ರೆ ಸಾಕು.”

“ಅದಕ್ಕೇ ತಾನೆ ದಪ್ಪ ಗೋಡೆ?” ಮಗನ ದನಿ ಸ್ವಲ್ಪ ಏರಿತು. “ಸಿಡಿದ್ರೂ ಒಳಗೇ ಸಿಡೀಲಿ. ಆ ಕಡೆ ಅಮ್ಮ ಮಲಗ್ತಾಳೆ. ನಿಂಗೇನು, ಪೇಪರ್ ಮೇಲೆ ಗೀಚಿ ಹೋಗ್ತೀಯ.”

“ರೀ!” ಎಂದಳು ಸೊಸೆ.

“ಬಿಡಕ್ಕ, ಭಾವನಿಗೆ ಅಮ್ಮನ ಮೇಲಿನ ಪ್ರೀತಿ ಅದು,” ಎಂದಳು ತಂಗಿ, ಮೆತ್ತಗೆ. ಮಗ ಮುಖ ಬಿಗಿದುಕೊಂಡು ಒಲೆಯ ಕಡೆ ನಡೆದ. ಉಬ್ಬಿದ ದುಂಡು ಬ್ರೆಡ್ಡುಗಳು ಒಲೆಗೆ ಹೋಗಲು ಕಾಯುತ್ತಿದ್ದವು. ಬ್ಲೇಡು ತೆಗೆದುಕೊಂಡು ಒಂದೊಂದರ ನೆತ್ತಿಗೂ ಸರಕ್ಕನೆ ಗೀರು ಹಾಕತೊಡಗಿದ.

ಅವಳು ಹಿಂದೆಯೇ ಬಂದು ನಿಂತಳು. “ಭಾವ, ಈ ಗೀರು ಯಾಕೆ? ಚೆಂದಕ್ಕಾ?”

“ಚೆಂದಕ್ಕಂತೆ! ಇದನ್ನ ಹಾಕ್ದೆ ಬಿಟ್ರೆ ಮೇಲಿನ ಹೊರಪದರ ಗಟ್ಟಿ ಆಗಿಬಿಡುತ್ತೆ. ಒಳಗಿನ ಹಬೆ ತಡ್ಕೊಳ್ಳುತ್ತಾ? ಪಕ್ಕೆ ಒಡ್ಕೊಂಡು ಹೊರಗೆ ಬರುತ್ತೆ, ಎಲ್ಲಿ ಬೇಕಾದ್ರೆ ಅಲ್ಲಿ. ಹೇಗಿದ್ರೂ ಒಡೆಯೋದೇ, ನಾವು ಹೇಳಿದ ಕಡೆ ಒಡೀಲಿ ಅಂತ ಈ…”

ಬ್ಲೇಡು ಹಿಡಿದ ಕೈ ಅಲ್ಲೇ ನಿಂತಿತು.

ಮಗ ನಿಧಾನವಾಗಿ ತಿರುಗಿ ಹಿತ್ತಲ ಗೋಡೆ ನೋಡಿದ, ಆಮೇಲೆ ನನ್ನ ಕೋಣೆಯ ಕಡೆ ನೋಡಿದ.

“ನಾಲ್ಕೂ ಕಡೆ ಗಟ್ಟಿ ಮಾಡಿದ್ರೆ… ಅಮ್ಮನ ಕಡೆನೂ ಒಡೀಬಹುದು. ಅಲ್ವಾ?”

“ಹೌದು ಭಾವ. ಆಗ ದಪ್ಪ ಗೋಡೆಯ ಇಟ್ಟಿಗೆಗಳೇ ಗುಂಡಿನ ಹಾಗೆ ಹಾರ್ತವೆ. ಗೋಡೆ ಗಟ್ಟಿ ಇರಲಿ, ಆದ್ರೆ ಮನುಷ್ಯರು ಇರೋ ಕಡೆ ಮಾತ್ರ. ಯಾರೂ ಇಲ್ಲದ ಕಡೆ ದಾರಿ ಬಿಡಿ.”

ಎಲ್ಲರೂ ಹಿತ್ತಲಿಗೆ ಹೋದರು. ನಾನೂ ಕೋಲೂರಿಕೊಂಡು ಹೋದೆ. ಅವಳು ಇದ್ದಿಲಿನ ಚೂರಿನಿಂದ ನೆಲದ ಮೇಲೇ ಬರೆದು ತೋರಿಸಿದಳು. ನನ್ನ ಕೋಣೆಯ ಕಡೆಯ ಗೋಡೆ ಗಟ್ಟಿ. ಅದರೊಳಗಿನ ಕಬ್ಬಿಣದ ಸರಳು ಕೆಳಗೆ ಅಡಿಪಾಯಕ್ಕೂ ಪಕ್ಕದ ಕಂಬಗಳಿಗೂ ಬಿಗಿದಿರಬೇಕು. ಆ ಗೋಡೆಯಲ್ಲಿ ಒಂದು ತೂತೂ ಇರಬಾರದು. ನಾಲ್ಕನೇ ಗೋಡೆ ಬರಬೇಕಿದ್ದ, ಹಿತ್ತಲಾಚೆಯ ಖಾಲಿ ಬಯಲಿನ ಕಡೆ ಗೋಡೆಯೇ ಬೇಡ, ದಪ್ಪ ತಂತಿಯ ಜಾಲರಿ, ಅದಕ್ಕೆ ಬೀಗ. ಮೇಲೆ ಕಾಂಕ್ರೀಟಿನ ಬದಲು ಹಗುರವಾದ ತಗಡು. ಗ್ಯಾಸ್ ಸೋರಿದರೂ ನಿಲ್ಲುವುದಿಲ್ಲ, ಬಯಲಿಗೆ ಹರಿದು ಹೋಗುತ್ತದೆ. ಒಲೆಯ ಕೋಣೆಗೂ ಇದೇ ಮಾತು: ಬಯಲಿನ ಕಡೆ ಒತ್ತಡ ಬಂದರೆ ಸುಲಭವಾಗಿ ಕಳಚಿಕೊಳ್ಳುವ ಹಗುರ ಹಲಗೆ, ಅದು ಹಾರಿ ಯಾರ ಮೇಲೂ ಬೀಳದಂತೆ ಸರಪಳಿ.

ಮೇಸ್ತ್ರಿ ತಲೆ ಕೆರೆದುಕೊಂಡ. “ಇಷ್ಟು ವರ್ಷದಲ್ಲಿ ‘ಗಟ್ಟಿ ಕಟ್ಟಲಿಲ್ಲ’ ಅಂತ ಬೈಸ್ಕೊಂಡಿದೀನಿ. ‘ಗಟ್ಟಿ ಕಟ್ಬೇಡ’ ಅಂತ ಬೈಸ್ಕೊಂಡಿದ್ದು ಇವತ್ತೇ ನೋಡಿ!”

ಮಗನೂ ನಕ್ಕ. ಅವನು ನಕ್ಕಿದ್ದು ನೋಡಿ ನನಗೂ ಉಸಿರು ಬಂತು.

ಆಮೇಲೆ ಅವಳು ನನ್ನ ಕೋಣೆಗೆ ಬಂದಳು. ನನ್ನ ಮಂಚ ಕಿಟಕಿಯ ಕೆಳಗಿತ್ತು. ಬೀದಿಯಲ್ಲಿ ಓಡಾಡುವವರನ್ನು ನೋಡುತ್ತಾ ಮಲಗುವುದು ನನಗೆ ಇಷ್ಟ.

“ಕಿಟಕಿ ಮುಚ್ಚಿಸ್ತೀಯೇನೇ?” ಎಂದೆ, ಹೆದರುತ್ತಲೇ.

“ಇಲ್ಲ ಅತ್ತೆ. ಗಾಜಿಗೆ ಒಳಗಿನಿಂದ ತೆಳ್ಳನೆಯ ಪಾರದರ್ಶಕ ಹಾಳೆ ಅಂಟಿಸೋಣ. ಒಡೆದ್ರೂ ಚೂರು ಹಾಗೆ ಹಾರಲ್ಲ. ಮಂಚ ಮಾತ್ರ ಆ ಮೂಲೆಗೆ. ಬೀದಿ ಅಲ್ಲಿಂದಲೂ ಕಾಣುತ್ತೆ, ಬೇಕಾದ್ರೆ ಮಲಗಿ ನೋಡಿ.” ಮಲಗಿ ನೋಡಿದೆ. ಕಂಡಿತು.

ಕೊನೆಗೆ ಅವಳು ಹೇಳಿದಳು: “ಭಾವ, ನಾನು ಹೇಳಿದ್ದು ಕಣ್ಣಳತೆ. ಠಾಣೆಯವರೂ ಬಂದು ನೋಡ್ಲಿ. ಅಲ್ಲೀವರೆಗೆ ಸಿಲಿಂಡರು ಬಯಲಲ್ಲೇ ಇರ್ಲಿ, ಸರಪಳಿ ಹಾಕಿ.”

ಮಗ ಜರಡಿಗಳ ಹಿಂದಿನಿಂದ ಕಾಗದ ಎಳೆದ. ಎಳೆದವನು ಮತ್ತೆ ಹಿಂಜರಿದ. “ಬೀಗ ಹಾಕಿಬಿಟ್ರೆ ಅಮ್ಮ?”

“ಹಾಕಿದ ಬೀಗ ತೆಗೀಬಹುದು ಮಗಾ,” ಎಂದೆ. “ಲಾಂಡ್ರಿ ಎದುರಿನ ಆ ಹೆಂಗಸಿನ ಮುಖ ಮೊದಲಿನ ಹಾಗೆ ಮಾಡೋಕಾಗುತ್ತಾ?”

ಅವನು ಕಾಗದದ ಹಿಟ್ಟು ಕೊಡವಿ, ಸೊಸೆಯ ಸಹಿಯ ಪಕ್ಕದಲ್ಲಿ ತನ್ನ ಸಹಿ ಹಾಕಿದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲೂ ಗ್ಯಾಸಿನ ಒಲೆಯಿದೆ, ಬಾಯ್ಲರ್ ಇದೆ, ಪಕ್ಕದಲ್ಲಿ ಕಾರ್ಖಾನೆಯಿದೆ. ಸಿಲಿಂಡರನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ. ಮಕ್ಕಳ, ಮುದುಕರ ಹಾಸಿಗೆಯನ್ನು ಗಾಜಿನ ಬಳಿ ಹಾಕಬೇಡಿ. ಗೋಡೆ ಎಬ್ಬಿಸುವ ಮೊದಲು ತಿಳಿದವರನ್ನು ಕರೆದು ಒಂದೇ ಮಾತು ಕೇಳಿ: ಇಲ್ಲಿ ಏನಾದರೂ ಸಿಡಿದರೆ ಅದು ಯಾವ ಕಡೆ ಹೋಗುತ್ತದೆ, ಆ ಕಡೆ ಯಾರಿರುತ್ತಾರೆ? ನನ್ನ ಮಗನಿಗೆ ನನ್ನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಈ ಒಂದು ಮಾತು ಕೇಳಿರಲಿಲ್ಲ, ಅಷ್ಟೇ. ನೀವು ಕೇಳಿ. ‘ಆಮೇಲೆ’ ಎನ್ನಬೇಡಿ.

ಹೊಸ ಜಾಗದ ಮಂಚದಿಂದ ನನಗೆ ಬೀದಿಯ ತುದಿಯ ಅಂಚೆಪೆಟ್ಟಿಗೆಯೂ ಕಾಣುತ್ತದೆ, ಮೊದಲು ಕಾಣುತ್ತಿರಲಿಲ್ಲ. ಮಗ ಏಪ್ರನ್ನಿನಲ್ಲೇ ಅದರ ಮುಂದೆ ನಿಂತಿದ್ದ. ಲಕೋಟೆಯನ್ನು ಒಂದು ಸಲ ಮಗುಚಿ ನೋಡಿದ. ಆಮೇಲೆ ಒಳಗೆ ಹಾಕಿ, ಸಿಕ್ಕಿಕೊಂಡಿದೆಯೇನೋ ಎಂದು ಪೆಟ್ಟಿಗೆಯನ್ನು ಅಂಗೈಯಿಂದ ತಟ್ಟಿದ. ಕೆಂಪು ಪೆಟ್ಟಿಗೆಯ ಮೇಲೆ ಹಿಟ್ಟಿನ ಬಿಳಿ ಕೈಯಚ್ಚು ಉಳಿಯಿತು.