ಉತ್ತರ ನೋಡುವವಳು

ಕಸ್ಬಾ ಬಡಾವಣೆಯ ಮನೆಯ ಬಾಲ್ಕನಿಯಲ್ಲಿ ಚಿನ್ಮಯಿ ಒದ್ದೆ ಸೀರೆಯನ್ನು ಕೊಡವಿ ಹಗ್ಗದ ಮೇಲೆ ಹರವುತ್ತಿದ್ದಳು. ಹೊಸ್ತಿಲಲ್ಲಿ ಕುಳಿತ ಎಂಟು ವರ್ಷದ ಪೂರ್ವಿಯ ತೊಡೆಯ ಮೇಲೆ ಜೂನಿಯರ್ ಎಂಜಿನಿಯರ್ ಪರೀಕ್ಷೆಯ ಗೈಡ್ ಇತ್ತು. ಮಗಳು ಪ್ರಶ್ನೆ ಓದುವುದು, ಅಮ್ಮ ಉತ್ತರ ಹೇಳುವುದು, ಸರಿಯೋ ತಪ್ಪೋ ಎಂದು ಮಗಳೇ ಕೊನೆಯಲ್ಲಿರುವ ಉತ್ತರದ ಪುಟದಲ್ಲಿ ನೋಡುವುದು. ಮನೆಗೆಲಸದ ನಡುವೆ ಚಿನ್ಮಯಿಗೆ ದಕ್ಕಿದ್ದ ಓದು ಇಷ್ಟೇ. ವಯಸ್ಸಿನ ಮಿತಿ ದಾಟುವ ಮೊದಲು ಪರೀಕ್ಷೆ ಬರೆಯಲು ಇದೇ ಕೊನೆಯ ಅವಕಾಶ.

ಎರಡು ತುದಿಗೂ ಆಸರೆಯಿರುವ ತೊಲೆಯ ಮೇಲೆ ಸಮನಾಗಿ ಭಾರ ಬಿದ್ದರೆ ಅದು ಎಲ್ಲಿ ಹೆಚ್ಚು ಬಾಗುತ್ತದೆ? ಪೂರ್ವಿ ಇಂಗ್ಲಿಷಿನಲ್ಲಿ ತಡವರಿಸುತ್ತ ಓದುವಷ್ಟರಲ್ಲಿ, ಸೀರೆಯಾಚೆಯ ಮಂಜಿನಲ್ಲಿ ಚಿನ್ಮಯಿಗೆ ಅರ್ಧ ಕಟ್ಟಿದ ಸೇತುವೆಯೊಂದು ಕಂಡಿತು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಅದರ ಮೇಲೆ ತಾನೇ ನಿಂತಿದ್ದಳು. ಕೆಳಗೆ ದೋಣಿಗಳು ಸದ್ದಿಲ್ಲದೆ ತೇಲುತ್ತಿದ್ದವು.

"ನಟ್ಟನಡುವೆ," ಎಂದಳು, ಆ ಸೇತುವೆಯ ಮೇಲಿಂದಲೇ.

"ರಾಂಗ್!"

ಹಿಡಿದ ಕ್ಲಿಪ್ಪು ಕೈಯಲ್ಲೇ ಉಳಿಯಿತು. ಒದ್ದೆ ಸೀರೆಯ ಭಾರಕ್ಕೆ ಕಣ್ಣೆದುರಿನ ಹಗ್ಗವೇ ನಡುವಿನಲ್ಲಿ ಜೋತುಬಿದ್ದಿತ್ತು. ಬಗ್ಗಿ ಉತ್ತರದ ಪುಟ ನೋಡಿದಳು. ತಾನು ಹೇಳಿದ್ದೇ ಸರಿ. ವಾರದಿಂದ ಎಷ್ಟೊಂದು 'ರಾಂಗ್' ಕೇಳಿ, ತನಗಿನ್ನು ಓದು ಹತ್ತುವುದಿಲ್ಲವೆಂದು ಒಳಗೊಳಗೇ ಕುಗ್ಗಿದ್ದಳು!

"ಏನೇ ಕಳ್ಳಿ, ನಿಮ್ಮ ಮಿಸ್ ನಿಂಗೆ ಹೀಗೆ ಮಾಡಿದ್ರೆ ಸುಮ್ನಿರ್ತೀಯಾ?"

ಪೂರ್ವಿ ನಗಲಿಲ್ಲ. ಚಿನ್ಮಯಿ ಸೀರೆಯನ್ನು ಹಾಗೇ ಬಿಟ್ಟು ಅವಳ ಪಕ್ಕ ಕುಳಿತು, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಕಾದಳು.

"ಪಾಸಾದ್ರೆ ನಿಂಗೆ ದೂರ ಪೋಸ್ಟಿಂಗ್ ಆಗತ್ತೆ ಅಂತ ಅಪ್ಪ ಫೋನಲ್ಲಿ ಹೇಳ್ತಿದ್ರು," ಎಂದಳು ಪೂರ್ವಿ, ಗೈಡನ್ನು ಎದೆಗೆ ಒತ್ತಿಕೊಂಡು. "ಆಮೇಲೆ ನಾನು ಯಾರ ಪಕ್ಕ ಮಲಗ್ಲಿ, ಅಮ್ಮಾ?"